ಆರದ ಪಂಜು

ಮಕ್ಕಳಾಡುವ ಆಟವೊಂದನ್ನು ಸಾಹಿತ್ಯಪತ್ರಿಕೆಯ ಪುಟಗಳಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ಏನನ್ನು ಎಂಬುದನ್ನು ನೆನೆದರೆ ಈ ಸಂಕೋಚ ಕಡಮೆಯಾಗುತ್ತದೆ. ಅವರು ಬೇಡಿದ್ದು ಕಾವ್ಯವನ್ನಲ್ಲ, ಶಾಸ್ತ್ರವನ್ನೂ ಅಲ್ಲ. ಕಣ್ಣಿಗೂ ಕಿವಿಗೂ ಒದಗುವ ಒಂದು ಕ್ರೀಡನೀಯಕವನ್ನು, ಎಂದರೆ ಆಟಿಕೆಯನ್ನು. ನಾಟಕವು ಹುಟ್ಟಿದ್ದು ಆ ಬೇಡಿಕೆಯಿಂದ. ದೇವತೆಗಳಿಗೆ ಸಂದ ಆಟಿಕೆಯಲ್ಲಿ ರಸವನ್ನು ಹುಡುಕಬಹುದಾದರೆ ಮನುಷ್ಯರ ಮಕ್ಕಳ ಕೈಯಲ್ಲಿರುವ ಆಟಿಕೆಯಲ್ಲಿಯೂ ಅದನ್ನು ಹುಡುಕುವುದು ತಪ್ಪಾಗಲಾರದು.

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯಂಥ ಮಳೆಯನ್ನೇ ನಂಬಿದ ಸೀಮೆಯಲ್ಲಿಯೂ ಈಗ ಶಾಲೆಯಿಂದ ಬಂದ ಹುಡುಗನು ಸಂಜೆಯ ವೇಳೆ ಅಪ್ಪನ ಮೊಬೈಲನ್ನು ಹಿಡಿದು ಕುಳಿತರೆ, ಅದರೊಳಗೆ ಅವನು ಮಾಡುತ್ತಿರುವುದು ಅನೇಕ ವೇಳೆ ಏನೆಂದರೆ ಸೌದೆ ಕಡಿಯುವುದು, ಕಲ್ಲು ಒಡೆಯುವುದು, ಕತ್ತಲಾಗುವುದರೊಳಗೆ ತನ್ನ ಬಿಡಾರಕ್ಕೆ ಒಂದು ಬೆಳಕನ್ನು ಮಾಡಿಕೊಳ್ಳುವುದು. ಅವನ ಮುತ್ತಜ್ಜನೂ ಮುತ್ತಜ್ಜಿಯೂ ದಿನವೂ ಮಾಡುತ್ತಿದ್ದ ಕೆಲಸವೇ ಇದು. ಅವನನ್ನು ಗದರಿಸುವ ಮೊದಲು ಹಿರಿಯರು ಪರದೆಯನ್ನು ಒಮ್ಮೆ ಬಗ್ಗಿ ನೋಡಿದರೆ ಈ ಸಾಮ್ಯ ಅವರ ಗಮನಕ್ಕೆ ಬಾರದೆ ಇರದು. ಸಾಮ್ಯವು ಮೇಲುನೋಟದ್ದೋ ನಿಜವಾದದ್ದೋ ಎಂಬುದು ಬೇರೆಯ ಪ್ರಶ್ನೆ. ಇಲ್ಲಿ ವಿಚಾರಿಸಬೇಕಾದದ್ದೂ ಅದೇ.

ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬಾತನು ೨೦೦೯ರಲ್ಲಿ ಇದರ ಮೊದಲ ರೂಪವನ್ನು ಹೊರಗಿಟ್ಟನು; ೨೦೧೧ರ ನವೆಂಬರಿನಲ್ಲಿ ಅದು ಪೂರ್ಣರೂಪದಲ್ಲಿ ಪ್ರಕಟವಾಯಿತು; ೨೦೧೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಹೊರಡಿಸುತ್ತಿದ್ದ ಮೊಜಾಂಗ್ ಎಂಬ ಸಂಸ್ಥೆಯನ್ನು ೨೫೦ ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ೨೦೨೩ರ ಹೊತ್ತಿಗೆ ಮಾರಾಟವಾದ ಪ್ರತಿಗಳ ಸಂಖ್ಯೆ ೩೦ ಕೋಟಿಯನ್ನು ದಾಟಿತ್ತು. ಸಂಖ್ಯೆಯು ಗುಣಕ್ಕೆ ಸಾಕ್ಷಿಯಲ್ಲ. ಆದರೆ ಇಷ್ಟು ಜನ ಕೈಯಾರೆ ಆಡಿದ ವಸ್ತುವನ್ನು ವಿಮರ್ಶೆಯು ಕಾಣದಂತೆ ನಟಿಸುವುದೂ ಸರಿಯಲ್ಲ. ಅದರಲ್ಲಿ ಕಥೆಯೆಂದು ಹೇಳತಕ್ಕದ್ದು ಕಡಮೆ. ಬೆಟ್ಟ, ಕಾಡು, ನೀರು, ಮಣ್ಣು ಎಲ್ಲವೂ ಚಚ್ಚೌಕದ ತುಂಡುಗಳಿಂದಾದ ಒಂದು ಲೋಕವಿದೆ. ಆ ಲೋಕದ ಒಂದು ದಿನವು ಈ ಲೋಕದ ೨೦ ನಿಮಿಷ. ಅದರಲ್ಲಿ ಹಗಲು ೧೦ ನಿಮಿಷ, ಗಾಢವಾದ ರಾತ್ರಿ ಸುಮಾರು ೭ ನಿಮಿಷ, ಉಳಿದದ್ದು ಎರಡು ಸಂಧ್ಯೆಗಳ ಪಾಲು. ರಾತ್ರಿಯಾದರೆ ಬೆಳಕಿಲ್ಲದ ಎಡೆಗಳಲ್ಲಿ ಪಿಶಾಚಿಗಳು ಹುಟ್ಟುತ್ತವೆ. ಆಟದ ವಸ್ತುವೆಲ್ಲ ಇಷ್ಟೇ.

ಆಟಗಾರನು ಬರಿಗೈಯಲ್ಲಿ ಬಯಲಿನ ನಡುವೆ ನಿಂತಿರುತ್ತಾನೆ. ಮೊದಲು ಮರವನ್ನು ಗುದ್ದಿ ದಿಮ್ಮಿಯನ್ನು ಪಡೆಯಬೇಕು. ಈ ಭೀಮವಿಕ್ರಮವನ್ನು ವಾಸ್ತವದ ಅಳತೆಯಿಂದ ಅಳೆಯತಕ್ಕದ್ದಲ್ಲ. ಪುರಾಣಕ್ಕೆ ಕೊಡುವ ಸಲಿಗೆಯನ್ನು ಇದಕ್ಕೂ ಕೊಡಬಹುದು. ಒಂದು ದಿಮ್ಮಿಗೆ ನಾಲ್ಕು ಹಲಗೆ, ಎರಡು ಹಲಗೆಗೆ ನಾಲ್ಕು ಕಡ್ಡಿ, ಹಲಗೆ ಕಡ್ಡಿಗಳಿಂದ ಪಿಕಾಸಿ, ಪಿಕಾಸಿಯಿಂದ ಕಲ್ಲು, ಎಂಟು ಕಲ್ಲುಗಳಿಂದ ಒಂದು ಒಲೆ. ನೆಲದಲ್ಲಿ ಕಲ್ಲಿದ್ದಲು ಸಿಕ್ಕಿದರೆ ಸರಿ, ಸಿಗದಿದ್ದರೆ ಒಲೆಯಲ್ಲಿ ದಿಮ್ಮಿಯನ್ನೇ ಸುಟ್ಟು ಇದ್ದಲು ಮಾಡಿಕೊಳ್ಳಬಹುದು. ಕಡ್ಡಿಯೊಂದಕ್ಕೆ ಇದ್ದಲೊಂದನ್ನು ಕೂಡಿಸಿದರೆ ಪಂಜುಗಳಾಗುತ್ತವೆ. ಸೂರ್ಯನು ಮುಳುಗುವುದರೊಳಗೆ ಇಷ್ಟನ್ನೂ ಮುಗಿಸಿದವನ ಗುಡಿಸಲಿನಲ್ಲಿ ಬೆಳಕಿರುತ್ತದೆ. ಹೂ ಕೀಳುತ್ತ ಕಾಲ ಕಳೆದವನು ಮಣ್ಣಿನಲ್ಲಿ ಗುಳಿ ತೋಡಿ, ಮೇಲೊಂದು ಹೆಂಟೆ ಮುಚ್ಚಿಕೊಂಡು, ಹೊರಗೆ ನರಳುವ ಸದ್ದನ್ನು ಕೇಳುತ್ತ ಬೆಳಗಾಗುವುದನ್ನೇ ಕಾಯಬೇಕು.

ಈ ಮೊದಲ ರಾತ್ರಿಯ ಕಲ್ಪನೆ ಆಟದಲ್ಲೆಲ್ಲ ಶ್ರೇಷ್ಠವಾದ ಭಾಗ. ಭಯಾನಕ ರಸವನ್ನು ಒದಗಿಸಲು ಬೇಕಾದ ವಿಭಾವಗಳೆಲ್ಲ ಅಲ್ಲಿವೆ. ಅದಕ್ಕಿಂತ ಹೆಚ್ಚಾಗಿ, ಭಯಕ್ಕೂ ಶ್ರಮಕ್ಕೂ ಇರುವ ನಂಟನ್ನು ಅದು ಮಾತಿಲ್ಲದೆ ತೋರಿಸುತ್ತದೆ. ಗುಂಡಿಯನ್ನೊತ್ತಿದರೆ ಬೆಳಕು ಬರುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಕತ್ತಲೆ ಎಂಬುದು ಒಂದು ಪದಾರ್ಥವೆಂದು, ಅದು ಪ್ರತಿದಿನವೂ ಬರುತ್ತದೆಂದು, ಅದು ಬರುವುದರೊಳಗೆ ಮಾಡಿ ಮುಗಿಸಬೇಕಾದ ಕೆಲಸವಿದೆಯೆಂದು ಇಷ್ಟು ಸ್ಪಷ್ಟವಾಗಿ ತಿಳಿಸಿದ ಪಾಠಪುಸ್ತಕ ಯಾವುದೂ ಇಲ್ಲ. ಮುಸ್ಸಂಜೆಯ ಬಣ್ಣಗಳನ್ನು ನೋಡಿ ಆನಂದಿಸುವುದು ಕವಿಯ ಸ್ವಭಾವ. ಸೌದೆಯ ರಾಶಿಯ ಕಡೆ ಕಣ್ಣು ಹಾಯಿಸುವುದು ಗೃಹಸ್ಥನ ಸ್ವಭಾವ. ಈ ಎರಡನೆಯದನ್ನು ಆಟವು ಹತ್ತು ವರುಷದ ಹುಡುಗನಲ್ಲಿಯೂ ಹುಟ್ಟಿಸುತ್ತದೆ.

ಹೀಗಿದ್ದರೂ ಪಂಜಿನ ಲೆಕ್ಕದಲ್ಲಿಯೇ ಒಂದು ವಿಪರ್ಯಾಸವು ಅಡಗಿದೆ. ಒಂದು ಇದ್ದಲಿಗೆ ನಾಲ್ಕು ಪಂಜು ಎಂಬುದು ಆಟದ ಲೆಕ್ಕ. ಹೊಣಕೆರೆಯ ಕಡೆಯ ಲೆಕ್ಕವಾದರೋ ಬೇರೆ. ಸೀಮೆಎಣ್ಣೆಯ ಬುಡ್ಡಿ ಬರುವುದಕ್ಕೆ ಮೊದಲು, ಬಂದಮೇಲೆಯೂ ಅದನ್ನು ಕೊಳ್ಳಲಾರದ ಮನೆಗಳಲ್ಲಿ, ಮೈಸೂರು ಸೀಮೆಯ ಹಳ್ಳಿಗಳ ಬೆಳಕಿಗೆ ಆಧಾರವಾಗಿದ್ದುದು ಹೊಂಗೆಯ ಎಣ್ಣೆ, ಹರಳೆಣ್ಣೆ, ಅಲ್ಲಲ್ಲಿ ಇಪ್ಪೆಯ ಎಣ್ಣೆ. ಹೊಲದ ಬದುಗಳಲ್ಲಿ, ಕೆರೆಯ ಏರಿಯ ಮೇಲೆ ನಿಂತ ಹೊಂಗೆಯ ಮರಗಳಿಂದ ಬೇಸಗೆಯಲ್ಲಿ ಉದುರಿದ ಕಾಯಿಗಳನ್ನು ಹೆಂಗಸರೂ ಮಕ್ಕಳೂ ಆಯ್ದು ತಂದು, ಒಣಗಿಸಿ, ಬಡಿದು, ಸಿಪ್ಪೆ ಬಿಡಿಸಿ, ಬೀಜವನ್ನು ಗಾಣಕ್ಕೆ ಹೊತ್ತುಕೊಂಡು ಹೋಗಬೇಕು. ಬೀಜದ ತೂಕದಲ್ಲಿ ಸುಮಾರು ಕಾಲು ಪಾಲು ಎಣ್ಣೆಯಾದರೆ ಅದು ಒಳ್ಳೆಯ ಗಾಣವೇ. ಉಳಿದದ್ದು ಹಿಂಡಿ, ಅದು ಹೊಲಕ್ಕೆ ಗೊಬ್ಬರ. ಎಂದಮೇಲೆ ಆಟದಲ್ಲಿ ಒಂದು ನಾಲ್ಕಾಗುತ್ತದೆ, ಗಾಣದಲ್ಲಿ ನಾಲ್ಕು ಒಂದಾಗುತ್ತದೆ. ಆ ಒಂದು ಪಾಲೂ ಹೊಗೆಯಾಡುವ ಎಣ್ಣೆ. ಗೋಡೆಯ ಗೂಡಿನ ಮೇಲ್ಗಡೆ ಕಾಡಿಗೆಯ ನಾಲಗೆಯನ್ನು ಬಿಟ್ಟು ಹೋಗುವಂಥದು. ಹಳೆಯ ತೊಟ್ಟಿಮನೆಗಳಲ್ಲಿ ಸುಣ್ಣ ಬಳಿದಮೇಲೂ ಆ ಕರೆ ಮಾಸದೆ ಇಣುಕುವುದನ್ನು ನೋಡಿದವರು ಇದ್ದಾರೆ.

ಸಮೃದ್ಧಿಯ ಲೆಕ್ಕವು ಆಟಕ್ಕೆ ಅಗತ್ಯವೆಂದು ಸಮಾಧಾನ ಹೇಳಬಹುದು. ನಾಲ್ಕು ಬೀಜಕ್ಕೊಂದು ಹನಿ ಎಂದಿದ್ದರೆ ಯಾವ ಹುಡುಗನೂ ಎರಡನೆಯ ದಿನ ಆಡುತ್ತಿರಲಿಲ್ಲ. ಆ ಮಾತು ಹಾಗಿರಲಿ. ನಿಜವಾದ ಆಕ್ಷೇಪವು ಇದಕ್ಕಿಂತ ಆಳವಾದದ್ದು: ಮೈನ್‌ಕ್ರಾಫ್ಟಿನ ಪಂಜು ಒಮ್ಮೆ ಹೊತ್ತಿದರೆ ಆರುವುದೇ ಇಲ್ಲ. ಮಳೆಗೆ ಆರದು, ಗಾಳಿಗೆ ಆರದು, ನೂರು ದಿನ ಬಿಟ್ಟು ಬಂದರೂ ಅದೇ ಗೋಡೆಯಲ್ಲಿ ಅದೇ ಕಾಂತಿಯಿಂದ ಉರಿಯುತ್ತಿರುತ್ತದೆ. ಅದಕ್ಕೆ ಎಣ್ಣೆಯೆರೆಯುವವರಿಲ್ಲ, ಬತ್ತಿ ಹೊಸೆಯುವವರಿಲ್ಲ, ಕುಡಿ ಚಿವುಟುವವರಿಲ್ಲ. ಜಾತ್ರೆಯ ಪಂಜಿನವನನ್ನು ನೋಡಿದ ಕಣ್ಣಿಗೆ ಇದು ವಿಚಿತ್ರವಾಗಿ ತೋರದೆ ಇರದು. ಉತ್ಸವದಲ್ಲಿ ಪಂಜು ಹಿಡಿದವನ ಪಕ್ಕದಲ್ಲಿಯೇ ಎಣ್ಣೆಯ ಪಾತ್ರೆಯನ್ನು ಹಿಡಿದು ಇನ್ನೊಬ್ಬನು ನಡೆಯುತ್ತಾನೆ. ಮೊದಲನೆಯವನು ಎಲ್ಲರಿಗೂ ಕಾಣುತ್ತಾನೆ, ಎರಡನೆಯವನು ಯಾರಿಗೂ ಕಾಣುವುದಿಲ್ಲ. ಎರಡನೆಯವನು ಹಿಂದುಳಿದರೆ ಮೊದಲನೆಯವನ ಕೈಯಲ್ಲಿ ಬರಿಯ ಕೋಲು ಉಳಿಯುತ್ತದೆ. ಆಟವು ಈ ಎರಡನೆಯವನನ್ನು ಲೋಕದಿಂದಲೇ ತೆಗೆದುಹಾಕಿದೆ.

ಕರ್ತೃವಿಗೆ ಇದು ಹೊಳೆಯದೆ ಇರಲಿಲ್ಲ. ಪಂಜುಗಳು ಕೆಲವು ಕಾಲದ ಮೇಲೆ ಆರಿಹೋಗುವಂತೆ ಮಾಡಿ, ಆರದ ಬೆಳಕಿಗೆ ಲಾಂದ್ರವೊಂದನ್ನು ಬೇರೆಯಾಗಿ ಕೊಡುವ ಯೋಚನೆಯನ್ನು ಪರ್ಸನ್ ೨೦೧೦ರಲ್ಲಿ ಪ್ರಕಟಿಸಿದ್ದುಂಟು. ಅದು ಆಟದೊಳಕ್ಕೆ ಬರಲಿಲ್ಲ. ಲಾಂದ್ರವೇನೋ ೨೦೧೯ರಲ್ಲಿ ಬಂದಿತು; ಪಂಜೊಂದರ ಸುತ್ತ ಕಬ್ಬಿಣದ ಎಂಟು ಚೂರುಗಳನ್ನು ಜೋಡಿಸಿದರೆ ಅದು ಸಿದ್ಧ. ಆದರೆ ಆ ಹೊತ್ತಿಗೆ ಪಂಜೂ ಆರದ ವಸ್ತುವಾಗಿ ನೆಲೆನಿಂತುಬಿಟ್ಟಿತ್ತು. ಆದ್ದರಿಂದ ಲಾಂದ್ರವು ಒಂದು ಅಲಂಕಾರವಾಗಿ ಉಳಿಯಿತು, ಅವಶ್ಯಕತೆಯಾಗಲಿಲ್ಲ. ಲೋಹದ ಎರಕಕ್ಕೆ ಹೆಸರಾದ ನಾಗಮಂಗಲದವರಿಗೆ ಇದರ ಕೊರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿತ್ತಾಳೆಯ ದೀಪ ಎಷ್ಟೇ ಕುಸುರಿಯದಾಗಿರಲಿ, ಅದು ಮೊದಲು ಒಂದು ಪಾತ್ರೆ, ಆಮೇಲೆ ದೀಪ. ನಡುವೆ ಎಣ್ಣೆ ನಿಲ್ಲುವ ತಗ್ಗು ಇಲ್ಲದಿದ್ದರೆ ಹಂಸವೂ ಸರಪಣಿಯೂ ವ್ಯರ್ಥ. ಆಟದ ಲಾಂದ್ರದಲ್ಲಿ ಎಣ್ಣೆಗೆ ಎಡೆಯೇ ಇಲ್ಲ.

ಆರದ ದೀಪದ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. ಶಾಸನಗಳಲ್ಲಿ ನಂದಾದೀವಿಗೆ ಎಂದು ಬರುವುದು ಅದೇ. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದವರು ಬಲ್ಲರು: ದೇವರ ಮುಂದೆ ಒಂದು ದೀಪವು ನಂದದೆ ಉರಿಯಬೇಕಾದರೆ ಅದಕ್ಕೆ ಗದ್ದೆಯನ್ನು ಬಿಡಬೇಕು, ಹೊನ್ನನ್ನು ಇಡಬೇಕು, ಗಾಣದಿಂದ ಇಷ್ಟು ಎಣ್ಣೆ ಸಲ್ಲಬೇಕೆಂದು ಕಟ್ಟುಮಾಡಬೇಕು, ಇಷ್ಟನ್ನೂ ಕಲ್ಲಿನ ಮೇಲೆ ಬರೆಯಿಸಿ, ಅಳಿದವನಿಗೆ ಪಾಪವನ್ನೂ ನಡೆಯಿಸಿದವನಿಗೆ ಪುಣ್ಯವನ್ನೂ ಹೇಳಿ ನಿಲ್ಲಿಸಬೇಕು. ನಂದಾದೀವಿಗೆಯ ಬತ್ತಿ ಬೇರೆಲ್ಲ ಬತ್ತಿಗಳಂತೆಯೇ ಉರಿದು ಮುಗಿಯುವಂಥದು. ಅದು ಆರದೆ ಇರುವುದು ಒಂದು ಊರು ಕೊಟ್ಟ ಮಾತಿನಿಂದ. ಗಾಣಿಗನು, ಒಕ್ಕಲಿಗನು, ಪೂಜಾರಿ, ಅವರ ಮಕ್ಕಳು, ಮಕ್ಕಳ ಮಕ್ಕಳು ಆ ಮಾತಿಗೆ ಕಟ್ಟುಬಿದ್ದಿರುವವರೆಗೆ ದೀಪವುಂಟು. ಮೈನ್‌ಕ್ರಾಫ್ಟಿನ ಪಂಜಿನಲ್ಲಿಯಾದರೋ ಆರದಿರುವಿಕೆ ವಸ್ತುವಿನ ಗುಣ. ಯಾರ ಮಾತೂ ಅದರ ಹಿಂದಿಲ್ಲ. ಎರಡೂ ಕತ್ತಲೆಯನ್ನು ಓಡಿಸುತ್ತವೆ, ನಿಜ. ಆದರೆ ಒಂದು ದೀಪವು ಊರನ್ನು ಕಟ್ಟುತ್ತದೆ. ಇನ್ನೊಂದರಿಂದ ಒಬ್ಬನೇ ಇರುವವನಿಗೂ ಯಾವ ಕೊರತೆಯೂ ತೋರುವುದಿಲ್ಲ.

ಇಷ್ಟು ಹೇಳಿ ಆಟವನ್ನು ತಳ್ಳಿಹಾಕಿದರೆ ವಿಮರ್ಶೆ ಅರ್ಧಕ್ಕೆ ನಿಂತಂತಾಗುತ್ತದೆ. ಆರದ ಪಂಜಿನಿಂದ ಆಟವು ಕಳೆದುಕೊಂಡದ್ದು ಎಷ್ಟೋ, ಪಡೆದುಕೊಂಡದ್ದೂ ಇದೆ. ಗುಹೆಯೊಳಕ್ಕೆ ಇಳಿಯುವ ಆಟಗಾರರಲ್ಲಿ ಒಂದು ರೂಢಿಯುಂಟು. ಒಳಗೆ ಹೋಗುವಾಗ ಪಂಜುಗಳನ್ನು ಬಲಗಡೆಯ ಗೋಡೆಗೆ ಮಾತ್ರ ಸಿಕ್ಕಿಸುತ್ತ ಹೋಗುತ್ತಾರೆ. ತಿರುಗಿ ಬರುವಾಗ ಅವು ಎಡಗಡೆಗೆ ಇದ್ದರೆ ದಾರಿ ಸರಿ. ಕವಲುಗಳ ಮೇಲೆ ಕವಲೊಡೆದ ನೆಲಮಾಳಿಗೆಯಲ್ಲಿ ಬೆಳಕು ಇಲ್ಲಿ ಲಿಪಿಯ ಕೆಲಸವನ್ನು ಮಾಡುತ್ತದೆ. ಯಾರೂ ಕಲಿಸದೆ ಆಟಗಾರರು ತಾವೇ ಕಂಡುಕೊಂಡು ಒಬ್ಬರಿಂದೊಬ್ಬರಿಗೆ ಹೇಳಿಕೊಂಡು ಬಂದ ಸಂಪ್ರದಾಯವಿದು. ತಿಂಗಳುಗಳ ಮೇಲೆ ಹಳೆಯ ಗುಹೆಯೊಂದಕ್ಕೆ ಹೊಕ್ಕವನಿಗೆ ದೂರದಲ್ಲಿ ಒಂದು ಪಂಜು ಕಾಣುತ್ತದೆ: ತಾನೇ ಎಂದೋ ಇಟ್ಟದ್ದು, ಏಕೆ ಇಟ್ಟೆನೆಂಬುದು ಮರೆತಿದೆ, ಇಟ್ಟ ಕೈ ತನ್ನದೆಂಬುದು ಮಾತ್ರ ತಿಳಿಯುತ್ತದೆ. ಆ ಕ್ಷಣದಲ್ಲಿ ಹುಟ್ಟುವ ಭಾವವನ್ನು ಯಾವ ರಸದ ಲೆಕ್ಕಕ್ಕೆ ಸೇರಿಸಬೇಕೆಂದು ಆಲಂಕಾರಿಕರು ಚರ್ಚಿಸಲಿ. ಸಂಚಾರಿಭಾವಗಳಲ್ಲಿ ಸ್ಮೃತಿ ಎಂಬುದೊಂದಿದೆ, ಅದರ ಹತ್ತಿರ ಇದು ನಿಲ್ಲಬಹುದು. ಪಂಜು ಆರುವಂಥದಾಗಿದ್ದರೆ ಈ ಸ್ವಾರಸ್ಯವು ಇಲ್ಲವಾಗುತ್ತಿತ್ತು. ೨೦೧೦ರ ಯೋಚನೆಯನ್ನು ಕೈಬಿಟ್ಟದ್ದರಲ್ಲಿ ಕರ್ತೃವಿನ ಸೋಮಾರಿತನವನ್ನು ಮಾತ್ರ ಕಾಣುವವರು ಇದನ್ನೂ ಗಣನೆಗೆ ತಂದುಕೊಳ್ಳಬೇಕು.

ಮಬ್ಬಿನ ವಿಷಯದಲ್ಲಿಯೂ ಆಟವು ಕಾಲಕ್ರಮದಲ್ಲಿ ಪಕ್ವವಾಗಿದೆ. ಬೆಳಕಿಗೆ ಅಲ್ಲಿ ಅಂಕೆಗಳುಂಟು: ಹಗಲಿನ ಬೆಳಕು ೧೫, ಪಂಜಿನದು ೧೪, ಒಂದೊಂದು ತುಂಡು ದೂರ ಹೋದಂತೆ ಒಂದೊಂದು ಅಂಕೆ ಇಳಿಯುತ್ತದೆ. ಮೊದಮೊದಲು ೭ ಅಥವಾ ಅದಕ್ಕಿಂತ ಕಡಮೆ ಬೆಳಕಿರುವ ಎಡೆಯಲ್ಲೆಲ್ಲ ಪಿಶಾಚಿ ಹುಟ್ಟಬಹುದಾಗಿತ್ತು. ಅದರ ಫಲವಾಗಿ ಆಟಗಾರರು ಅಂಗಳ, ಚಾವಣಿ, ಗುಡ್ಡದ ಇಳಿಜಾರುಗಳಿಗೆಲ್ಲ ಪಂಜುಗಳನ್ನು ನೆಟ್ಟು, ಸೊಗಸಾಗಿ ಕಟ್ಟಿದ ಮನೆಯ ಸುತ್ತ ಸಿಡುಬು ಎದ್ದಂತೆ ಮಾಡಿಕೊಳ್ಳುತ್ತಿದ್ದರು. ೨೦೨೧ರ ನವೆಂಬರಿನಲ್ಲಿ ನಿಯಮವು ಬದಲಾಯಿತು. ಬೆಳಕು ಸೊನ್ನೆಯಾದಲ್ಲಿ ಮಾತ್ರ ಅಪಾಯವೆಂದಾಯಿತು. ಸಣ್ಣ ತಿದ್ದುಪಡಿಯಂತೆ ಕಾಣುವ ಇದರಿಂದ ಕಟ್ಟಡದ ಸೌಂದರ್ಯವೇ ಬೇರೆಯಾಯಿತು. ಮೂಲೆಗಳಲ್ಲಿ ಮಬ್ಬಿರಬಹುದು, ಜಗಲಿಯ ಕೊನೆಯಲ್ಲಿ ಒಂದೇ ದೀಪವಿರಬಹುದು, ದೀಪಕ್ಕೂ ದೀಪಕ್ಕೂ ನಡುವೆ ಕಣ್ಣಿಗೆ ವಿಶ್ರಾಂತಿಯಿರಬಹುದು. ನಡುಮನೆಯ ಒಂದು ಹಣತೆ, ಅಡಿಗೆಮನೆಯ ಒಲೆಯ ಕೆಂಪು, ಕೊಟ್ಟಿಗೆಯಲ್ಲಿ ದನಗಳ ಕಣ್ಣಿನ ಮಿಂಚು, ಇಷ್ಟರಲ್ಲಿಯೇ ಸಂಸಾರ ಮಾಡಿದವರ ಮನೆಗಳು ಹಾಗೆಯೇ ಇದ್ದುವು. ಬೆಳಕು ಸೊನ್ನೆಯಾಗದಂತೆ ನೋಡಿಕೊಂಡರೆ ಸಾಕು ಎಂಬುದು ಬಡವರ ಮನೆಯ ಹಳೆಯ ಜಾಣತನ. ಇಷ್ಟಾದರೂ ರಾತ್ರಿಯನ್ನು ದಾಟಿಸಲು ಆಟದಲ್ಲಿ ಹಾಸಿಗೆಯೊಂದಿದೆ. ಮೂರು ಉಣ್ಣೆಯ ತುಂಡುಗಳೂ ಮೂರು ಹಲಗೆಗಳೂ ಇದ್ದರೆ ಮಲಗಿ ಕಣ್ಣುಮುಚ್ಚಿ ತೆರೆಯುವುದರಲ್ಲಿ ಬೆಳಗಾಗುತ್ತದೆ. ಮೊದಲ ರಾತ್ರಿಯ ಗಾಂಭೀರ್ಯವನ್ನು ಕೆಡಿಸುವ ಅನೌಚಿತ್ಯಗಳಲ್ಲಿ ಇದು ಮುಖ್ಯವಾದದ್ದು. ಕ್ಷೇಮೇಂದ್ರನು ನೋಡಿದ್ದರೆ ಉದಾಹರಣೆಗೆ ಎತ್ತಿಕೊಳ್ಳುತ್ತಿದ್ದನು.

ಆರುವ ಬೆಳಕನ್ನೇ ವಸ್ತುವನ್ನಾಗಿ ಮಾಡಿಕೊಂಡ ಆಟಗಳೂ ಇಲ್ಲದಿಲ್ಲ. ತಾರತಮ್ಯವನ್ನು ತಿಳಿಯಲು ಎರಡನ್ನು ನೋಡಿದರೆ ಸಾಕು. ಕೆನಡಾ ದೇಶದ ಕ್ಲೇ ಎಂಬ ಸಂಸ್ಥೆಯವರು ೨೦೧೩ರಲ್ಲಿ ಹೊರತಂದ ಡೋಂಟ್ ಸ್ಟಾರ್ವ್ ಎಂಬುದರಲ್ಲಿ ಒಂದು ದಿನವು ೮ ನಿಮಿಷ. ರಾತ್ರಿ ಬೆಂಕಿಯಿಲ್ಲದೆ ನಿಂತವನನ್ನು ಕಣ್ಣಿಗೆ ಕಾಣದ ಒಂದು ಶಕ್ತಿ ಹೊಡೆದು ಕೆಡಹುತ್ತದೆ. ಬೆಂಕಿಯಾದರೋ ನೋಡನೋಡುತ್ತಿದ್ದಂತೆ ಕುಗ್ಗುತ್ತದೆ. ಹುಲ್ಲು, ಪುಳ್ಳೆ, ದಿಮ್ಮಿಗಳನ್ನು ಒಟ್ಟುತ್ತಲೇ ಇರಬೇಕು. ಉರುವಲು ಮುಗಿದರೆ ಸಗಣಿಯನ್ನೂ ಒಲೆಗೆ ಹಾಕಬಹುದು. ಆದರೆ ಬೇರುಸಹಿತ ಕಿತ್ತು ತಂದು ಬಿಡಾರದ ಬಳಿ ನೆಟ್ಟ ಹಣ್ಣಿನ ಪೊದೆಗಳು ಚಿಗುರಬೇಕಾದರೆ ಅದೇ ಸಗಣಿ ಬೇಕು. ಇಂದಿನ ರಾತ್ರಿಗೋ ಮುಂದಿನ ಬೆಳೆಗೋ ಎಂಬ ಈ ಇಕ್ಕಟ್ಟನ್ನು ಕಲ್ಪಿಸಿದವರು ಬೆರಣಿ ತಟ್ಟುವ ಹಳ್ಳಿಯೊಂದನ್ನು ಕಂಡಿದ್ದರೋ ಇಲ್ಲವೋ. ಕಂಡವರು ಬರೆದಂತೆಯೇ ಇದೆ. ರಾಗಿಯ ಹೊಲಕ್ಕೆ ಹೋಗಬೇಕಾದ ಗೊಬ್ಬರವು ಒಲೆಗೆ ಹೋಗುವುದೆಂಬ ಚಿಂತೆ ನಾಗಮಂಗಲದ ಕಡೆಯ ಯಾವ ಒಕ್ಕಲಿನ ಮನೆಗೂ ಅಪರಿಚಿತವಲ್ಲ. ಸಂಗ್ರಹವೆಂದರೆ ಕೂಡಿಹಾಕುವುದಷ್ಟೇ ಅಲ್ಲ, ಒಂದನ್ನು ಉರಿಸಿದರೆ ಇನ್ನೊಂದು ಬೆಳೆಯದು ಎಂಬ ತಿಳಿವಳಿಕೆಯೂ ಅದರಲ್ಲಿ ಸೇರಿದೆ ಎಂಬುದನ್ನು ಈ ಆಟವು ಮೈನ್‌ಕ್ರಾಫ್ಟಿಗಿಂತ ಚೆನ್ನಾಗಿ ಬಲ್ಲದು.

ಎರಡನೆಯದು ವಾಲ್‌ಹೈಮ್; ಇದೂ ಸ್ವೀಡನ್ನಿನದೇ, ೨೦೨೧ರ ಫೆಬ್ರವರಿಯಲ್ಲಿ ಮೊದಲು ಹೊರಬಿದ್ದದ್ದು. ಇಲ್ಲಿ ಒಲೆಗೆ ಸೌದೆಯನ್ನೂ ನೆಟ್ಟ ಪಂಜಿಗೆ ರಾಳವನ್ನೂ ಹಾಕುತ್ತಿರಬೇಕು. ರಾಳವು ಹೆಚ್ಚಾಗಿ ಸಿಗುವುದು ಕಾಡಿನ ಕುಳ್ಳ ಭೂತಗಳನ್ನು ಕೊಂದರೆ. ಆ ಭೂತಗಳು ಅಂಜುವುದು ಬೆಂಕಿಗೆ. ಭಯಪಡಿಸುವವರಿಂದಲೇ ಭಯನಿವಾರಣೆಯ ಎಣ್ಣೆ ದೊರೆಯುತ್ತದೆಂಬ ಈ ಸೂಕ್ಷ್ಮ ಪ್ರಶಂಸನೀಯ. ಅದಕ್ಕಿಂತಲೂ ಮೆಚ್ಚತಕ್ಕದ್ದು ಹೊಗೆ. ಮನೆಯೊಳಗೆ ಬೆಂಕಿ ಮಾಡಿ ಚಾವಣಿಯಲ್ಲಿ ಹೊಗೆಗೆ ಹಾದಿ ಬಿಡದಿದ್ದರೆ ಆಟಗಾರನು ಉಸಿರುಕಟ್ಟಿ ಸಾಯುತ್ತಾನೆ. ಬೆಳಕಿಗೂ ಕಾವಿಗೂ ತೆರಬೇಕಾದ ಬೆಲೆ ಉರುವಲಿನಲ್ಲಿ ಮುಗಿಯುವುದಿಲ್ಲ, ಕಣ್ಣಿಗೂ ಎದೆಗೂ ತಗಲುತ್ತದೆ ಎಂಬುದನ್ನು ಹೊಗೆಗೂಡಿಲ್ಲದ ಅಡಿಗೆಮನೆಗಳಲ್ಲಿ ಆಯುಸ್ಸನ್ನು ಕಳೆದ ಹೆಂಗಸರು ಬಲ್ಲರು. ಆದರೂ ವಾಲ್‌ಹೈಮಿನಲ್ಲಿ ದೀಪಕ್ಕೆ ರಾಳ ಹಾಕುವುದು ಬರಬರುತ್ತ ಬೇಸರದ ದಿನಚರಿಯಾಗುತ್ತದೆಂದು ದೂರುವವರುಂಟು. ದೂರು ಸುಳ್ಳಲ್ಲ. ಬುಡ್ಡಿಯ ಗಾಜನ್ನು ದಿನವೂ ಬೂದಿ ಹಾಕಿ ಉಜ್ಜುವುದು ಯಾರಿಗೆ ಹಬ್ಬವಾಗಿತ್ತು?

ಮೈನ್‌ಕ್ರಾಫ್ಟಿನ ಪರವಾಗಿ ಇನ್ನೊಂದು ಮಾತನ್ನು ಹೇಳಬೇಕು. ಅಲ್ಲಿ ಆಟಗಾರನ ಪಂಜುಗಳಲ್ಲಿ ಹೆಚ್ಚಿನವು ಸೇರುವುದು ಮನೆಗಲ್ಲ, ಗಣಿಗೆ. ಬಿಡಾರಕ್ಕೆ ನಾಲ್ಕು ಸಾಕು. ಕಬ್ಬಿಣವನ್ನೂ ಚಿನ್ನವನ್ನೂ ಅರಸಿ ನೆಲದೊಳಕ್ಕೆ ಇಳಿಯುವವನಿಗೆ ನಾಲ್ಕು ನೂರು ಸಾಲವು. ಇದು ಆಟದ ಕಟ್ಟುಕಥೆಯೆಂದು ಈ ಜಿಲ್ಲೆಯವರು ನಗುವ ಹಾಗಿಲ್ಲ. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ, ಎಂದರೆ ಈಗಿನ ಮಳವಳ್ಳಿ ತಾಲ್ಲೂಕಿನಲ್ಲಿ, ವಿದ್ಯುತ್ತು ಹುಟ್ಟಿದಾಗ ಅದು ಮೊದಲು ಹೋದದ್ದು ಪಕ್ಕದ ಹಳ್ಳಿಗಳಿಗಲ್ಲ. ೯೨ ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ೧೯೦೫ರಲ್ಲಿ. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಮೊದಲಾದಾಗಲೂ ಅದರ ಉದ್ದೇಶಗಳಲ್ಲಿ ಒಂದು, ಬೇಸಗೆಯಲ್ಲಿಯೂ ನೀರು ತಪ್ಪದೆ ಶಿವನಸಮುದ್ರದ ಯಂತ್ರಗಳಿಗೆ ಒದಗಿ ಗಣಿಗಳ ವಿದ್ಯುತ್ತು ನಿಲ್ಲದಿರಲಿ ಎಂಬುದೇ. ನದಿ ಈ ಜಿಲ್ಲೆಯದು, ಗಣಿ ಬೇರೆ ಜಿಲ್ಲೆಯದು, ಚಿನ್ನ ಹೋದದ್ದು ಸಮುದ್ರದಾಚೆಗೆ. ಹೊಣಕೆರೆಯ ಕಡೆ ಆ ಕಾಲಕ್ಕೆ ಹೊಂಗೆಯ ದೀಪವೇ ಗತಿ. ಗಣಿಗೆ ಮೊದಲು ಬೆಳಕು, ಮನೆಗೆ ಆಮೇಲೆ ಎಂಬ ಕ್ರಮವನ್ನು ಆಟಗಾರನು ತನ್ನ ಸ್ವಂತ ಬುದ್ಧಿಯಿಂದ ಕಂಡುಕೊಂಡೆನೆಂದು ತಿಳಿಯು­ತ್ತಾನೆ. ಕನ್ನಡನಾಡಿನ ಚರಿತ್ರೆಯಲ್ಲಿ ಅದು ಸರಕಾರದ ಲೆಕ್ಕಾಚಾರವಾಗಿ ನಡೆದುಹೋಗಿತ್ತು. ಕೋಲಾರದ ಆ ಗಣಿಗಳು ೨೦೦೧ರಲ್ಲಿ ಮುಚ್ಚಿದುವು.

ಆಟವು ಮರೆಮಾಡುವುದು ಈ ಲೆಕ್ಕದ ಇನ್ನೊಂದು ಪುಟವನ್ನು. ಕಟ್ಟೆಯ ಹಿಂದೆ ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು. ಜನ ಬೇರೆಡೆಗೆ ಹೋಗಬೇಕಾಯಿತು. ಅಲ್ಲಿಯ ವೇಣುಗೋಪಾಲನ ಗುಡಿಯು ಬರಗಾಲದ ವರ್ಷಗಳಲ್ಲಿ ಮಾತ್ರ ನೀರಿನಿಂದ ತಲೆಯೆತ್ತುತ್ತಿತ್ತು. ಅನೇಕ ದಶಕಗಳ ಮೇಲೆ ಅದನ್ನು ಎತ್ತಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಬೆಳಕಿಗಾಗಿ ಒಟ್ಟುಮಾಡಿದ ಪ್ರತಿಯೊಂದು ವಸ್ತುವೂ, ಅದು ನೀರಾಗಲಿ ಇದ್ದಲಾಗಲಿ, ಯಾರದೋ ಊರಿನಿಂದ ಬಂದದ್ದು. ಮೈನ್‌ಕ್ರಾಫ್ಟಿನ ಬೆಟ್ಟಗಳು ಯಾರ ಊರೂ ಅಲ್ಲ. ಕಡಿದ ಕಾಡಿಗೆ ವಾರಸುದಾರರಿಲ್ಲ. ಒಂದು ಸೀಮೆ ಬರಿದಾದರೆ ಆಟಗಾರನು ನಡೆಯುತ್ತ ಹೋಗಬಹುದು, ಲೋಕವು ಅವನ ಕಾಲ ಕೆಳಗೆ ಹೊಸದಾಗಿ ಹುಟ್ಟುತ್ತ ಬರುತ್ತದೆ. ಹಳ್ಳಿಗಳಿವೆ, ಹಳ್ಳಿಗರೂ ಇದ್ದಾರೆ. ಅವರ ಬೀದಿಯ ಪಂಜುಗಳನ್ನು ಕಿತ್ತುಕೊಂಡು ಹೋದರೂ ಒಬ್ಬರೂ ಕೇಳುವುದಿಲ್ಲ. ಅದ್ಭುತ ರಸಕ್ಕೆ ಇದು ಪೋಷಕ, ಸಂದೇಹವಿಲ್ಲ. ಆದರೆ ಮುಗಿಯದ ಕಾಡು, ಆರದ ಪಂಜು, ಕೇಳದ ನೆರೆಯವರು ಇವು ಮೂರೂ ಒಂದೇ ಕಲ್ಪನೆಯ ಮೂರು ಮುಖಗಳು. ಆ ಕಲ್ಪನೆಯು ಹೊಸ ಖಂಡಗಳಿಗೆ ಹಡಗು ಹತ್ತಿ ಹೋದವರದೇ ಹೊರತು ಒಂದೇ ಕೆರೆಯ ನೀರನ್ನು ಸರದಿಯ ಮೇಲೆ ಹಂಚಿಕೊಂಡವರದಲ್ಲ. ಕೆರೆಯ ಹೆಸರನ್ನೇ ತನ್ನ ಹೆಸರಿನಲ್ಲಿ ಹೊತ್ತ ಊರಿನಲ್ಲಿ ಕುಳಿತು ಈ ಆಟವನ್ನು ಆಡುವ ಹುಡುಗನಿಗೆ ಈ ಭೇದವು ತೋರದೆ ಹೋದರೆ ಆಶ್ಚರ್ಯವಿಲ್ಲ. ಮನೆಯ ಹಿರಿಯರಿಗೆ ತೋರಬೇಕು.

ಪದದ ವಿಷಯವೊಂದು ಉಳಿದಿದೆ. ಪಂಜು, ದೀವಟಿಗೆ, ಕೊಳ್ಳಿ, ಸೊಡರು ಎಂದು ಕನ್ನಡದಲ್ಲಿ ಇಷ್ಟು ಮಾತುಗಳಿದ್ದರೂ ಆಡುವ ಹುಡುಗರು ಅದನ್ನು ‘ಟಾರ್ಚು’ ಎನ್ನುತ್ತಾರೆ. ಅವರಿಗೆ ಟಾರ್ಚೆಂದರೆ ಮೊದಲು ನೆನಪಾಗುವುದು ಮೊಬೈಲಿನ ಬೆನ್ನಿನಲ್ಲಿರುವ ಬಿಳಿಯ ಬೆಳಕು. ಸಂಜೆ ಕರೆಂಟು ಹೋದಾಗ ಹೊಣಕೆರೆಯ ಕಡೆಯ ಮನೆಯೊಂದರಲ್ಲಿ ಏನು ನಡೆಯುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಹುಡುಗನು ಗುಹೆಯೊಳಗೆ ಬಲಗಡೆಗೆ ಪಂಜುಗಳನ್ನು ಸಿಕ್ಕಿಸುತ್ತ ಇಳಿಯುತ್ತಿದ್ದಾನೆ. ಒಲೆಯ ಮುಂದೆ ಮುದ್ದೆಗೆ ಎಸರಿಟ್ಟ ಅಜ್ಜಿಗೆ ಮಡಕೆ ಕಾಣುವುದಿಲ್ಲ. “ಇತ್ಲಾಗೆ ವಸಿ ಬೆಳಕು ಹಿಡಿಯಪ್ಪ” ಎಂದು ಕರೆಯುತ್ತಾಳೆ. ಮೊಬೈಲಿನಲ್ಲಿ ಉಳಿದಿರುವ ಚಾರ್ಜು ನೂರಕ್ಕೆ ನಾಲ್ಕು. ಎರಡೂ ಉರಿಯುವಷ್ಟು ಅದರಲ್ಲಿಲ್ಲ. ಹುಡುಗನು ಸ್ವಲ್ಪ ಹೊತ್ತು ಪರದೆಯನ್ನು ನೋಡಿ, ಆಟವನ್ನು ಮುಚ್ಚಿ, ಎದ್ದು ಹೋಗಿ ಒಲೆಯ ಪಕ್ಕದಲ್ಲಿ ಬೆಳಕು ಹಿಡಿದು ನಿಲ್ಲುತ್ತಾನೆ.